ಮಂಡಿ ಬಗ್ಗಿಸುವ ನಾಯಕ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಏಣಿ,

ಹೇಗಿದ್ದೀಯೆ? ಮನೆಯಲ್ಲಿ ಎಲ್ಲರೂ ಸೌಖ್ಯವೇ? ನಾನು ಚೆನ್ನಾಗಿದ್ದೇನೆ. ಎಡಗೈ ಮಣಿಕಟ್ಟು ಆಗಾಗ ನೋಯುತ್ತದೆ, ಅದು ನಮ್ಮ ಕೆಲಸದವರಿಗೆಲ್ಲ ಇರುವುದೇ. ಪತ್ರ ತಡವಾಯಿತು, ಬೈಯಬೇಡ. ಕೊನೆಯ ಪತ್ರ ಬರೆದದ್ದು ನೀನೋ ನಾನೋ, ಈಗ ಯಾರ ಸರದಿ ಎಂದೆಲ್ಲ ತಲೆ ಕೆಡಿಸಿಕೊಂಡು ಕೂತರೆ ಅಷ್ಟರಲ್ಲಿ ಇಬ್ಬರೂ ಮುದುಕಿಯರಾಗಿರುತ್ತೇವೆ. ನನ್ನದೇ ಸರದಿ ಎಂದಿಟ್ಟುಕೋ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ನನ್ನ ಕಾದಂಬರಿ ಅಚ್ಚಾಗುತ್ತಿದೆ ಕಣೆ! ನಿಜವಾಗಿಯೂ. ಲಾಂಡ್ರಿಯಲ್ಲಿ ಹಾಸಿಗೆ ಶೀಟಿನ ಆ ತುದಿಯಲ್ಲಿ ನಿಂತು ನೀನು ಕೇಳಿಸಿಕೊಳ್ಳುತ್ತಿದ್ದೆಯಲ್ಲ, ಅದೇ ಕಥೆ. ಮುಖಪುಟದ ಮೇಲೆ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಯಾರಿಗಾದರೂ ಹೇಳಿದರೆ ನಗುತ್ತಾರೇನೋ, ಆ ಮುಖಪುಟದ ನಕಲನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ.

ನಿನಗೆ ನೆನಪಿದೆಯೇ? ಹೋಟೆಲಿನ ನೆಲಮಾಳಿಗೆಯ ಆ ಲಾಂಡ್ರಿಯಲ್ಲಿ ಇಸ್ತ್ರಿಯ ರೋಲರಿನಿಂದ ಶೀಟು ಬಿಸಿಬಿಸಿಯಾಗಿ ಹೊರಬೀಳುತ್ತಿತ್ತು. ಆ ಎರಡು ಮೂಲೆ ನೀನು, ಈ ಎರಡು ಮೂಲೆ ನಾನು. ಜಾಡಿಸಿ, ಎಳೆದು, ಹತ್ತಿರ ಬಂದು, ಮೂಲೆಗೆ ಮೂಲೆ ಕೂಡಿಸಿ, ನನ್ನ ಕೈಯದನ್ನು ನಿನ್ನ ಕೈಗಿತ್ತು ಮತ್ತೆ ಹಿಂದೆ ಹೋಗುವುದು. ಯಂತ್ರಗಳ ಗದ್ದಲದಲ್ಲಿ ದೂರದಿಂದ ಏನೂ ಕೇಳುತ್ತಿರಲಿಲ್ಲ, ಹತ್ತಿರ ಬಂದಾಗ ಆಡಿದ್ದಷ್ಟೇ ಮಾತು. ಹಾಗಾಗಿ ನನ್ನ ಕಥೆ ಒಂದು ಶೀಟಿಗೆ ಒಂದು ಮಾತಿನಂತೆ ಬೆಳೆಯಿತು. "ಅವನು ಬಾಗಿಲು ತೆರೆದ" ಎನ್ನುವಷ್ಟರಲ್ಲಿ ಶೀಟು ಮುಗಿದುಹೋಗುತ್ತಿತ್ತು. ಮುಂದಿನದು ಬರುವ ತನಕ ನಿನ್ನ ಮುಖ ನೋಡಬೇಕಿತ್ತು. "ಆಮೇಲೆ? ಬೇಗ ಹೇಳೇ, ಪ್ರಾಣ ತಿನ್ಬೇಡ!" ಎಂದು ನೀನು ಅಲ್ಲಿಂದಲೇ ಬಾಯಿ ಆಡಿಸುತ್ತಿದ್ದೆ. ನಮ್ಮ ಸೂಪರ್‌ವೈಸರ್, ಅದೇ ಉಸಿರಾಡಿದರೆ ಮೂಗಿನಲ್ಲಿ ಶಿಳ್ಳೆ ಬರುತ್ತಿತ್ತಲ್ಲ ಆ ಮನುಷ್ಯ, ಒಂದು ದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏಣಿ, ಚೋಟು, ಏನ್ರಮ್ಮಾ ಅದು ಗುಸುಗುಸು? ಶೀಟು ಮಡಚ್ತಿದೀರೋ ಸಂಸಾರ ಮಾಡ್ತಿದೀರೋ?" ಎಂದು ಕೇಳಿದ್ದ. ಆ ಎರಡು ಹೆಸರು ಇಟ್ಟವನೂ ಅವನೇ. ಪಾಪ, ನಿವೃತ್ತನಾಗಿ ಹೋದ. ಅವನ ಜಾಗಕ್ಕೆ ಬಂದವನಿಗೆ ಶಿಳ್ಳೆಯೂ ಇಲ್ಲ, ಮಾತೂ ಇಲ್ಲ.

ನೀನು ಏಣಿಯಷ್ಟು ಎತ್ತರ, ನಾನು ಚೋಟುದ್ದ. ಹಿಡಿದ ಶೀಟು ಯಾವಾಗಲೂ ನನ್ನ ಕಡೆಗೆ ಇಳಿಜಾರು. ಅಂಚು ನೆಲಕ್ಕೆ ತಾಗಿದರೆ ಮತ್ತೆ ಒಗೆಯಬೇಕು, ನನಗೆ ಬೈಗುಳ. ಅದಕ್ಕೆ ನೀನು ದಿನವಿಡೀ ಮಂಡಿಯನ್ನು ಕೊಂಚ ಬಗ್ಗಿಸಿ ನಿಲ್ಲುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನಾನು ಕೇಳಿದ್ದೂ ಅಲ್ಲ. ಸಂಜೆ ಮೆಟ್ಟಿಲು ಹತ್ತುವಾಗ ನೀನು ತೊಡೆ ಹಿಡಿದುಕೊಳ್ಳುವುದನ್ನು ನೋಡಿದ ಮೇಲೆಯೇ ನನಗೆ ತಿಳಿದದ್ದು.

"ಇದನ್ನ ಬರಿಯೇ" ಎಂದು ಮೊದಲು ಹೇಳಿದವಳು ನೀನು. "ಬುಕ್ ಆದ್ರೆ ಮೊದ್ಲು ನಾನೇ ಓದೋದು. ನಿಮ್ಮಮ್ಮಂಗೂ ಕೊಡೋ ಹಾಗಿಲ್ಲ." ಅಮ್ಮ ಈಗಿಲ್ಲ. ನೀನು ಮದುವೆಯಾಗಿ ಹೊರಟೆ, ಸ್ವಲ್ಪ ಕಾಲ ಪತ್ರ ಬಂದವು, ಮಗಳು ಹುಟ್ಟಿದ ಸುದ್ದಿ ಬಂತು, ಆಮೇಲೆ ನಿನಗೂ ಪುರುಸೊತ್ತು ಸಿಗಲಿಲ್ಲ. ಇಲ್ಲಿ ನಿನ್ನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಗೋಡೆಗೆ ಎರಡು ಕೊಕ್ಕೆ ಹೊಡೆಸಿಕೊಟ್ಟರು. ಶೀಟಿನ ಎರಡು ಮೂಲೆ ಕೊಕ್ಕೆಗೆ ಸಿಕ್ಕಿಸಿ ಉಳಿದೆರಡನ್ನು ಹಿಡಿದು ನಾನೇ ಹೋಗುತ್ತೇನೆ, ನಾನೇ ಬರುತ್ತೇನೆ. ಕೊಕ್ಕೆ ತಕರಾರು ಮಾಡುವುದಿಲ್ಲ, ಆದರೆ "ಆಮೇಲೆ?" ಎಂದು ಕೇಳುವುದೂ ಇಲ್ಲ.

ಸರಿ, ಅಳುಬುರುಕಿ ಎನ್ನಬೇಡ, ಕಾದಂಬರಿಯ ಕಥೆಗೆ ಬರುತ್ತೇನೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೇನೆ. ಮೇಜಿಗೆ ಜಾಗವಿಲ್ಲ, ಇಸ್ತ್ರಿ ಹಲಗೆಯ ಮೇಲೆ ಹಾಳೆ ಹರಡಿ ನಿಂತುಕೊಂಡೇ ಬರೆಯುತ್ತೇನೆ. ಕೂತರೆ ನಿದ್ದೆ ಬರುತ್ತದೆ, ನಿಂತರೆ ಕೈಗೆ ಕೆಲಸದ ನೆನಪಾಗಿ ತಾನೇ ಓಡುತ್ತದೆ. ಕೆಳಗೆ ಅವನು ಕರಕರ ಎಂದು ಕೀಲಿ ಉಜ್ಜುತ್ತಿರುತ್ತಾನೆ, ಮೇಲೆ ನನ್ನ ನಾಯಕಿ ಕಿಟಕಿಯಲ್ಲಿ ನಿಂತು ನಿಟ್ಟುಸಿರು ಬಿಡುತ್ತಿರುತ್ತಾಳೆ. ಹೀಗೆಯೇ ಪುಸ್ತಕ ಮುಗಿಯಿತು.

ನಾನು ಮೊದಲು ಕಳಿಸಿದ ಪ್ರಕಾಶಕರು ಮೂರು ಸಾಲಿನ ಚೀಟಿಯೊಂದಿಗೆ ವಾಪಸ್ಸು ಕಳಿಸಿದರು. ಹಾಳೆಗಳ ಕಟ್ಟಿಗೆ ನಾನು ಹಾಕಿದ್ದ ದಾರದ ಗಂಟು ಹಾಗೇ ಇತ್ತು. ಬಿಚ್ಚಿಯೇ ನೋಡದೆ "ನಮಗೆ ಹೊಂದುವುದಿಲ್ಲ" ಎಂದಿದ್ದರು! ಎರಡು ದಿನ ಮಾತು ಬೇಡವೆನಿಸಿತು. ಮಾತಾಡುವವರು ಯಾರೂ ಇರಲಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಎರಡನೆಯ ಕಡೆ ಒಬ್ಬ ಸಂಪಾದಕಿ ಸಿಕ್ಕರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ತುಂಬ ಹುಡುಕಾಡುವ ಹೆಂಗಸು. ನನ್ನನ್ನು ಕರೆಸಿ ಕೂರಿಸಿ ಹೇಳಿದರು: "ನೋಡಿ, ನಿಮ್ ಹೀರೋ ಆರಡಿ ಎತ್ತರ, ಬಿಳಿ ಕಾರು, ಕಡೆದಿಟ್ಟ ಮೂಗು, ಎಲ್ಲಾ ಇದೆ. ಆದ್ರೆ ಬಟ್ಟೆ ಅಂಗಡಿ ಗೊಂಬೆ ಥರ ನಿಂತಿರ್ತಾನೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಕಡೆ ಉಸಿರಾಡಿದಾನೆ." ಎಲ್ಲಿ ಎಂದು ಕೇಳಿದೆ. ನಾಯಕಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಅವನು ಬಂದು ಶೀಟಿನ ಇನ್ನೊಂದು ತುದಿ ಹಿಡಿಯುತ್ತಾನೆ, ಅವಳಿಗೆ ಸಮವಾಗಲೆಂದು ಮಂಡಿ ಬಗ್ಗಿಸುತ್ತಾನೆ. ಆ ಪುಟಕ್ಕೆ ಅವರು ಬೆರಳಿಟ್ಟರು. "ಇದನ್ನ ಎಲ್ಲಿಂದ ತಂದ್ರಿ?"

"ಕೆಲಸದ ಜಾಗದಿಂದ" ಎಂದೆ.

"ಅಲ್ಲಿಂದ ಇನ್ನಷ್ಟು ತನ್ನಿ" ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ನಗು ತಡೆಯಲಾಗಲಿಲ್ಲ. ಮನೆ ಸೇರುತ್ತಿದ್ದಂತೆಯೇ ನಾಯಕನ ಕಾರು ಮಾರಿಸಿದೆ. ಮೂಗನ್ನು ಸಾಧಾರಣ ಮಾಡಿದೆ. ಆಮೇಲೆ ನಿನ್ನದನ್ನೆಲ್ಲ ಒಂದೊಂದಾಗಿ ಅವನಿಗೆ ಕೊಟ್ಟೆ, ಕೇಳದೆಯೇ ಕೊಟ್ಟೆ. ಕೈ ತುಂಬಿರುವಾಗ ನಗು ಬಂದರೆ ಬಾಯಿಯನ್ನು ಭುಜಕ್ಕೆ ಒತ್ತಿಕೊಳ್ಳುವುದು. ಸಿಟ್ಟು ಬಂದಾಗ ವಸ್ತುಗಳನ್ನು ಇನ್ನೂ ಅಚ್ಚುಕಟ್ಟಾಗಿ ಜೋಡಿಸುವುದು. ನನ್ನ ಬೆರಳು ರೋಲರಿಗೆ ತಾಗಿ ಸುಟ್ಟ ದಿನ ನಲ್ಲಿಯ ಕೆಳಗೆ ಹಿಡಿದು, "ಕಣ್ಣು ಎಲ್ಲಿಟ್ಟಿದ್ದೆ, ಕತ್ತೆ" ಎಂದು ಬೈಯುತ್ತಲೇ ಊದಿದ್ದೆಯಲ್ಲ, ಅದನ್ನೂ. ನಾಯಕನಲ್ಲಿ ನನ್ನ ಸ್ವಂತದ್ದು ಎಂದರೆ ಮೀಸೆ ಒಂದೇ.

ಇನ್ನು ಅಂತ್ಯದ ಗಲಾಟೆ. ನನ್ನ ಕಥೆಯಲ್ಲಿ ಅವನು ರೈಲು ಹತ್ತಿ ಹೋಗಿಬಿಡುತ್ತಿದ್ದ, ಅವಳು ಅಲ್ಲೇ ಉಳಿಯುತ್ತಿದ್ದಳು. ಸಂಪಾದಕಿ ಸುತರಾಂ ಒಪ್ಪಲಿಲ್ಲ. "ನಮ್ಮ ಓದುಗರು ಆಸ್ಪತ್ರೆ ಬೆಂಚಲ್ಲಿ, ಬಸ್ಸಲ್ಲಿ ಕೂತ್ಕೊಂಡು ಓದೋರು. ಅವರ ಕಷ್ಟ ಅವರಿಗಿದೆ. ನೀವೂ ಅಳಿಸ್ಬೇಡಿ. ಇಬ್ರನ್ನೂ ಸೇರಿಸಿ." ಹೇಳುವುದು ಸುಲಭ. ಹೋದವನು ವಾಪಸ್ಸು ಬಂದು ಏನು ಮಾತಾಡುತ್ತಾನೆ ಎಂಬುದೇ ನನಗೆ ಹೊಳೆಯಲಿಲ್ಲ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಬರೆದು ಹರಿದದ್ದೆಲ್ಲ ಬಕೆಟ್ಟು ತುಂಬಿತು.

ಕಡೆಗೆ ನವೆಂಬರಿನ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಟವೆಲ್ ರಾಶಿಯ ಮೇಲೆ ಹಾಳೆಯಿಟ್ಟುಕೊಂಡು ಒಂದೇ ಉಸಿರಿಗೆ ಕೊನೆಯ ಅಧ್ಯಾಯ ಬರೆದುಬಿಟ್ಟೆ. ಕಥೆಯಲ್ಲಿ ಎಷ್ಟೋ ವರ್ಷ ಕಳೆದಿದೆ. ನಾಯಕಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ. ಅವನು ದೊಡ್ಡ ಮನುಷ್ಯನಾಗಿ, ತನ್ನವರ ಜೊತೆ ಅದೇ ಹೋಟೆಲಿಗೆ ಬಂದಿದ್ದಾನೆ. ಉದ್ದನೆಯ ಕಾರಿಡಾರಿನಲ್ಲಿ ಅವಳು ಎದೆಯ ಮಟ್ಟಕ್ಕೆ ಟವೆಲ್ ಹೊತ್ತುಕೊಂಡು ಎದುರಾಗುತ್ತಾಳೆ. ಪಕ್ಕದಲ್ಲಿದ್ದವರು "ಯಾರು ಇವರು, ಗೊತ್ತಾ?" ಎಂದು ಕೇಳುತ್ತಾರೆ. ಅವನು ಕೈಲಿದ್ದ ಚೀಲ ಕೆಳಗಿಟ್ಟು, ಅವಳ ಕೈಯ ಟವೆಲ್‌ಗಳಲ್ಲಿ ಅರ್ಧ ತಾನು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ, "ಗೊತ್ತು. ಚೆನ್ನಾಗಿ ಗೊತ್ತು" ಎನ್ನುತ್ತಾನೆ. ಅಷ್ಟೇ. ಮುತ್ತಿಲ್ಲ, ಅಪ್ಪುಗೆಯಿಲ್ಲ. ಸಂಪಾದಕಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನೂ ಕೆಲಸದ ಜಾಗದಿಂದಲೇ ತಂದ್ರಾ?" ಎಂದರು. ಹೂಂ ಎಂದೆ.

ಪುಸ್ತಕ ಒಪ್ಪಿಕೊಂಡೆವು ಎಂದು ಫೋನು ಬಂದಾಗ ನಾನು ಕೊಕ್ಕೆಯ ಮುಂದೆ ನಿಂತಿದ್ದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎನಿಸಿತು. ಈಗ ರೋಲರಿನಲ್ಲಿ ಕೆಲಸ ಮಾಡುವವಳ ಹತ್ತಿರ ಹೋದೆ. ಅವಳು ಕಿವಿಯಿಂದ ಹಾಡಿನ ವೈರು ತೆಗೆದು, "ಏನಾಂಟಿ?" ಎಂದಳು. "ಏನಿಲ್ಲಮ್ಮ, ಸಂಜೆ ಶೀಟು ಜಾಸ್ತಿ ಬರುತ್ತಂತೆ" ಎಂದು ಹಿಂದಿರುಗಿದೆ.

ಮನೆಗೆ ಬಂದು ತಮ್ಮನಿಗೆ ಫೋನು ಮಾಡಿದೆ. ಅವನು, "ಅದರಲ್ಲಿ ನಾವ್ಯಾರಾದ್ರೂ ಇದೀವಾ ಅಕ್ಕಾ?" ಎಂದು ಕೇಳಿದ. ಇಲ್ಲಪ್ಪ ಎಂದೆ. "ಹಾಗಾದ್ರೆ ಸರಿ, ಒಳ್ಳೇದಾಯ್ತು" ಎಂದ. ಹಿಂದಿನಿಂದ ಅವನ ಹೆಂಡತಿ, "ಅವ್ರಿಗೆ ಪ್ರೀತಿ ಗೀತಿ ಎಲ್ಲಾ ಏನ್ ಗೊತ್ತು, ಪಾಪ" ಎನ್ನುವುದು ಕೇಳಿಸಿತು. ಕೆಟ್ಟವಳಲ್ಲ ಅವಳು. ಆದರೂ ಆ 'ಪಾಪ' ಕೇಳಿ ಫೋನು ಇಟ್ಟುಬಿಟ್ಟೆ. ಅಂದು ಬಾಗಿಲು ಹಾಕಿಕೊಂಡು ನನ್ನ ಕಥೆಯನ್ನು ನಾನೇ ಜೋರಾಗಿ ಓದಿಕೊಂಡೆ. ಪುಟ ತಿರುಗಿಸುವಾಗ ಪ್ರತಿ ಸಲವೂ ಸ್ವಲ್ಪ ನಿಲ್ಲಿಸುತ್ತಿದ್ದೆ. ಯಾಕೆ ನಿಲ್ಲಿಸುತ್ತಿದ್ದೇನೆ ಎಂದು ಆಮೇಲೆ ಅರ್ಥವಾಯಿತು, ಯಾರೋ "ಆಮೇಲೆ?" ಎನ್ನಲಿ ಎಂದು ಕಾಯುತ್ತಿದ್ದೆ. ಪುಸ್ತಕ ಬರಲಿ ಎಂದು ಇಷ್ಟು ವರ್ಷ ಆಸೆಪಟ್ಟದ್ದು ಅದಕ್ಕೇ ಇರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಪುಸ್ತಕಕ್ಕೆ ಅರ್ಪಣೆಯ ಪುಟ ಇರುತ್ತದಲ್ಲ, ಯಾರಿಗೆ ಎಂದು ಸಂಪಾದಕಿ ಕೇಳಿದ್ದಾರೆ. ಈ ತಿಂಗಳ ಕೊನೆಯೊಳಗೆ ಹೇಳಬೇಕಂತೆ. ನಿನ್ನ ಹೆಸರು ಹಾಕಲೇ? ಏಣಿ ಎಂದಲ್ಲ, ನಿನ್ನ ನಿಜವಾದ ಹೆಸರನ್ನೇ. ನಿನಗೆ ಇಷ್ಟವಿದ್ದರೆ ಒಂದು ಸಾಲು ಬರೆ. ಪುಸ್ತಕ ಬಂದ ದಿನವೇ ಮೊದಲ ಪ್ರತಿಯನ್ನು ನಿನಗೆ ಕಳಿಸುತ್ತೇನೆ. ನಿನ್ನ ಮಾತು ನೀನು ಮರೆತಿದ್ದರೂ ನಾನು ಮರೆತಿಲ್ಲ.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಮಗಳಿಗೆ ಕೆನ್ನೆ ತುಂಬ ಮುತ್ತು, ತಲೆ ತುಂಬ ಆಶೀರ್ವಾದ. ಅವಳಿಗೆ ನಿನ್ನ ಎತ್ತರ ಬರುತ್ತದೆ, ಬರೆದಿಟ್ಟುಕೋ. ನಿನ್ನ ಮಂಡಿಯನ್ನು ಜೋಪಾನವಾಗಿ ನೋಡಿಕೋ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಎಲ್ಲಿದ್ದರೂ ನೆಮ್ಮದಿಯಾಗಿರು.

ಇಂತಿ ನಿನ್ನ,
ಚೋಟು

ಮರೆತ ಮಾತು: ಬರೆಯಬಾರದೆಂದಿದ್ದೆ, ಆದರೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನವೆಂಬರಿನಲ್ಲಿ ನೀವು ಮೂವರೂ ನಮ್ಮ ಹೋಟೆಲಿನಲ್ಲಿ ಉಳಿದಿದ್ದಿರಿ. ಮಹಡಿಯವಳು ರಜೆಯಲ್ಲಿದ್ದಳೆಂದು ಅಂದು ಟವೆಲ್ ಕೊಡಲು ನಾನೇ ಮೇಲೆ ಬಂದಿದ್ದೆ. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದೀಯ, ನಿನಗೆ ಒಪ್ಪುತ್ತದೆ. ನಾನು ನಕ್ಕೆ, ನೀನು ನೋಡಿದೆ. ನಿಮ್ಮ ಮನೆಯವರು "ಯಾರು, ಗೊತ್ತಾ ನಿಂಗೆ?" ಎಂದು ಕೇಳಿದರು. ನೀನು ಟವೆಲ್‌ಗಳನ್ನು ನೋಡುತ್ತಾ, "ಗೊತ್ತಿಲ್ಲ, ಹೋಟ್ಲವರು. ಇನ್ನೆರಡು ಟವೆಲ್ ಇಸ್ಕೊಳ್ಳಿ" ಎಂದೆ. ನಾನು ಎರಡು ಕೊಟ್ಟೆ. ನಿನ್ನ ಮಗಳು ಮಾತ್ರ "ಥ್ಯಾಂಕ್ಸ್ ಆಂಟಿ" ಎಂದಳು.

ಮರುದಿನ ನೀವು ಹೋದ ಮೇಲೆ ನಿಮ್ಮ ಕೋಣೆಯ ಶೀಟು ಕೆಳಗೆ ಬಂತು. ಮಲಗಿದ ಶೀಟನ್ನು ಯಾವ ಅತಿಥಿಯೂ ಮಡಚಿಟ್ಟು ಹೋಗುವುದಿಲ್ಲ ಕಣೆ. ಅದು ನಮ್ಮ ಮಡಿಕೆ, ಮೂಲೆಗೆ ಮೂಲೆ. ಒಬ್ಬರೇ ಮಡಚಿದ್ದರಿಂದ ನಡುವೆ ಸೊಟ್ಟಗಾಗಿತ್ತು. ಅದನ್ನು ಬಿಚ್ಚಿ ಒಗೆಯಲು ಹಾಕಬೇಕಾಯಿತು. ಕೊನೆಯ ಅಧ್ಯಾಯ ಬರೆದದ್ದು ಅಂದೇ ಮಧ್ಯಾಹ್ನ.

ಹೆಸರು ಬೇಡವೆಂದರೆ ಉತ್ತರ ಬರೆಯುವ ಕಷ್ಟವೂ ಬೇಡ. 'ಮಂಡಿ ಬಗ್ಗಿಸಿದವಳಿಗೆ' ಎಂದಷ್ಟೇ ಹಾಕಿಸುತ್ತೇನೆ. ಪುಸ್ತಕ ನಿಮ್ಮ ಮನೆಯವರ ಕೈಗೆ ಸಿಕ್ಕಿ, ಇದು ಯಾರು ಎಂದು ಅವರು ಕೇಳಿದರೆ, ಗೊತ್ತಿಲ್ಲ ಅಂದುಬಿಡು.