ಎಡಗಡೆಯ ಉಸಿರು

ಜೂನ್ ೪, ಬೆಳಿಗ್ಗೆ

ರೌಂಡ್ಸ್ ಅರ್ಧಕ್ಕೇ ನಿಂತಿತು. ನಾದಿನಿಗೆ ಹೆರಿಗೆ — ತೀರಾ ಮುಂಚೆ. ಗಂಡು. ಉಸಿರೆಳೆದಾಗಲೆಲ್ಲ ಎದೆ ಒಳಕ್ಕೆ ಕುಸಿಯುತ್ತಿತ್ತು. ಶ್ವಾಸಕೋಶದ ಗೂಡುಗಳು ಅಂಟಿಕೊಳ್ಳದಂತೆ ಕಾಯುವ ಕೋಲೀನ್ ಎಂಬ ಪೋಷಕಾಂಶವಿರುವ ಕೊಬ್ಬು ಇಂಥ ಮಕ್ಕಳಲ್ಲಿ ಸಾಲದು. ಅದನ್ನೇ ಔಷಧಿಯಾಗಿ, ಶ್ವಾಸನಾಳಕ್ಕೆ ಇಳಿಸಿದ ನಳಿಕೆಯಲ್ಲಿ ಬಿಡಬೇಕು. ಡ್ಯೂಟಿ ಡಾಕ್ಟರ್ ಗ್ಲವ್ಸ್ ಹಾಕಿ ನಿಂತಿದ್ದ. "ಸರಿ ಆಕಡೆ, ಇದು ನಮ್ಮನೆ ಮಗು" ಅಂದೆ. ನಾನೇ ನಳಿಕೆ ಇಳಿಸಿ ಔಷಧಿ ಬಿಟ್ಟೆ. ಜಂಬ.

ಅದೇ ದಿನ, ಸಂಜೆ

ಎಕ್ಸ್‌ರೇ ಬಂತು. ಬಲಗಡೆ ಚೆನ್ನಾಗಿ ಬಿಚ್ಚಿಕೊಂಡಿದೆ. ಎಡಗಡೆ ಪೂರ್ತಿ ಬಿಳಿ, ಗಾಳಿಯೇ ಹೋಗಿಲ್ಲ. ನಳಿಕೆ ಜಾಸ್ತಿ ಒಳಗೆ ಹೋಗಿ ಔಷಧಿಯೆಲ್ಲ ಬಲಕ್ಕೇ ಸುರಿದಿದೆ. ಎರಡೂ ಕಡೆ ಸ್ಟೆತ್ ಇಟ್ಟು ಕೇಳಿ, ಆಮೇಲೆ ಬಿಡಿ — ವಿದ್ಯಾರ್ಥಿಗಳ ಮೇಲೆ ಅರಚುವವಳು ನಾನೇ! ಆತುರದಲ್ಲಿ ಕೇಳಲಿಲ್ಲ. ನಳಿಕೆ ಸರಿಮಾಡಿ ಇನ್ನೊಂದು ಡೋಸ್ ಕೊಟ್ಟೆ. ಅಷ್ಟರಲ್ಲಿ ಬಲ ಶ್ವಾಸಕೋಶದಿಂದ ಗಾಳಿ ಎದೆಗೂಡಿನೊಳಗೆ ಸೋರಿತ್ತು. ಆ ಪುಟ್ಟ ಎದೆಗೆ ತೂತು ಮಾಡಿ ಅದನ್ನು ಹೊರಗೆ ತೆಗೆಯಬೇಕಾಯಿತು.

ಏನಾಯ್ತು ಅಂತ ನಾದಿನಿ ಕೇಳಿದಳು. "ಎಡಗಡೆ ಸ್ವಲ್ಪ ಸೋಮಾರಿ ಕಣೆ" ಅಂದು ಜಾರಿಕೊಂಡೆ.

ಜೂನ್ ೫

"ನಾನು ಮೊಟ್ಟೆ ತಿನ್ಲಿಲ್ಲ, ಅದಕ್ಕೇ ಅಲ್ವಾ ಅತ್ತಿಗೆ?"

ಬಸುರಿಯಿದ್ದಾಗ ಅವಳ ತಲೆ ತಿಂದವಳು ನಾನು. ಮೊಟ್ಟೆ ತಿನ್ನು, ಕೋಲೀನ್ ಇರುತ್ತೆ, ಮಗುವಿಗೆ ಬೇಕು... ಅವಳಿಗೋ ವಾಸನೆಗೇ ವಾಕರಿಕೆ. ಮೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ. ಮಗು ಬೇಗ ಬಂತು, ಅಷ್ಟೆ. ಒಂದು ಮಾತು ಸಾಕಿತ್ತು. ಆದರೆ ಹಾಗಂದರೆ, "ಮತ್ತೆ ಒಂದೇ ಕಡೆ ಯಾಕೆ?" ಅಂತಾಳೆ. ಹೊದಿಕೆ ಸರಿಮಾಡಿ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಜೂನ್ ೧೨

ಬರೆಯಲು ಮುಖವಿರಲಿಲ್ಲ. ಮಗು ವೆಂಟಿಲೇಟರ್ ಬಿಟ್ಟು ತಾನೇ ಉಸಿರಾಡುತ್ತಿದೆ. ಇವರು ವಾರ್ಡಿನಲ್ಲಿ ಎಲ್ಲರೆದುರು, "ನನ್ನ ಹೆಂಡ್ತಿ ಇಲ್ದಿದ್ರೆ ತಂಗಿ ಮಗು ಉಳೀತಾನೇ ಇರ್ಲಿಲ್ಲ" ಅಂತ ಕಣ್ಣೊರೆಸಿಕೊಂಡರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಾದಿನಿ ಮೂಗು ಹಿಡಿದುಕೊಂಡು ಬೇಯಿಸಿದ ಮೊಟ್ಟೆ ನುಂಗುತ್ತಿದ್ದಳು. "ಇನ್ನಾದ್ರೂ ಹಾಲಲ್ಲಿ ಆ ಕೋಲೀನ್ ಅವನಿಗೆ ಹೋಗ್ಲಿ."

ಆಗಲೂ ಬಾಯಿ ಬಿಡಲಿಲ್ಲ. ಇಂಥವಳನ್ನು ಏನಂತ ಕರೆಯಬೇಕು?

ಜೂನ್ ೧೯

ಇವತ್ತು ಮಗುವನ್ನು ಮೊದಲ ಸಲ ಅಮ್ಮನ ಎದೆಗೆ ಕೊಡುವುದಿತ್ತು. ನಾನೇ ಎತ್ತಿಕೊಂಡು ಹೋದೆ. ಕೊಡುವ ಮೊದಲೇ ಹೇಳಿದೆ. ಎಲ್ಲ.

"ಅವತ್ತೇ ಗೊತ್ತಿತ್ತಾ?"

"ಹೂಂ."

"ನಾನು ಮೊಟ್ಟೆ ಮೊಟ್ಟೆ ಅಂತ ಅಳ್ತಿದ್ದಾಗ್ಲೂ?"

"ಹೂಂ."

ಬೈಯುತ್ತಾಳೆ ಅಂದುಕೊಂಡೆ. ಕೈ ಚಾಚಿದಳು, ಅಷ್ಟೆ.

"ಕೊಡಿ ಡಾಕ್ಟ್ರೇ."

ಕೊಟ್ಟೆ. ಹೊರಗೆ ಇವರು ಸಿಹಿ ಹಿಡಿದು ನಿಂತಿದ್ದರು. ನಗುತ್ತಾ, "ಏನಂದ್ಲು ನನ್ನ ತಂಗಿ?" ಅಂತ ಕೇಳಿದರು. ನಾನು ಸಿಹಿ ಮುಟ್ಟದೆ, "ಡಾಕ್ಟ್ರೇ ಅಂದ್ಲು" ಅಂದೆ.