ಎದುರಂಗಡಿಯ ಹೊಲಿಗೆ

ಜೂನ್ ೪, ಬುಧವಾರ

ನನ್ನ ಟೈಲರ್ ಅಂಗಡಿಯ ಎದುರಿಗೇ ಇನ್ನೊಬ್ಬ ಟೈಲರ್ ಹೊಸ ಅಂಗಡಿ ತೆರೆದಾಗಿನಿಂದ ನನ್ನ ಕಣ್ಣು ಕೈಯಲ್ಲಿರುವ ಬಟ್ಟೆಯ ಮೇಲೆ ನಿಲ್ಲುತ್ತಿಲ್ಲ. ಅವನ ಕೆಲಸ ನೋಡೋಣವೆಂದು ನಿನ್ನೆ ನನ್ನ ಹರಿದ ಪ್ಯಾಂಟನ್ನು ಅಕ್ಕನ ಕೈಯಲ್ಲಿ ಅಲ್ಲಿಗೆ ಕಳಿಸಿದ್ದೆ. “ಶಾಲೆಯ ಪರೀಕ್ಷೆಗೇ ಹೋಗದವನು ನೀನು, ಈಗ ಊರವರಿಗೆಲ್ಲ ಮಾರ್ಕ್ಸ್ ಹಾಕ್ತೀಯ,” ಎಂದು ಅಕ್ಕ ಗೊಣಗುತ್ತಲೇ ಹೋದಳು. ಇವತ್ತು ಪ್ಯಾಂಟು ಬಂತು. ಎಲ್ಲಿ ಹರಿದಿತ್ತೆಂದು ನಾನೇ ಹುಡುಕಬೇಕಾಯಿತು.

ಸಂಜೆ, ಮೊದಲಿನಿಂದ ನನ್ನಲ್ಲಿಗೇ ಬರುವ ನರ್ಸಮ್ಮ ಹರಿದ ಕೋಟು ಹಿಡಿದು ಬಂದರು. “ಏನಪ್ಪ, ಎದುರಿನವನು ಪರವಾಗಿಲ್ವಾ?”

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. “ಹರಿದಿದ್ದನ್ನ ನನಗಿಂತ ಚೆನ್ನಾಗಿ ಹೊಲೀತಾನಮ್ಮ,” ಅಂದುಬಿಟ್ಟೆ. ಅವರು ರಸ್ತೆ ದಾಟುವುದನ್ನು ನೋಡಲಾರದೆ, ಪೋಣಿಸಿದ್ದ ದಾರವನ್ನೇ ಮತ್ತೆ ಪೋಣಿಸಿದೆ.

ಹೀಗೇ ನಿಜ ಹೇಳುತ್ತಾ ಹೋದರೆ ಅಂಗಡಿ ಎಷ್ಟು ದಿನ ಉಳಿದೀತು? ಈಗ ಪ್ಯಾಂಟಿನಲ್ಲಿ ಅವನು ಹಾಕಿದ ಹೊಲಿಗೆಯನ್ನು ಬಿಚ್ಚಿ ಕಲಿಯೋಣವೆಂದು ಕುಳಿತಿದ್ದೇನೆ. ಎಲ್ಲಿಂದ ಶುರು ಮಾಡಿದ್ದಾನೆ ಅನ್ನುವುದೇ ಇನ್ನೂ ಸಿಕ್ಕಿಲ್ಲ.