ಮೆಟ್ಟಿಲ ಗೋಡೆಯ ಮೇಲಿನ ನೆರಳು

ಪ್ರಿಯ ವಿಲ್ಬರ್,

ನಿನ್ನೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ ಮಾರಾಯ, ನಮ್ಮ ಆ ಹಳೆಯ ಕೊಲೆ ಕಥೆಯ ಸಿನಿಮಾವನ್ನು ಟಿವಿಗೆಂದು ಕತ್ತರಿಸುವಾಗ ಮೆಟ್ಟಿಲ ಗೋಡೆಯ ಮೇಲಿನ ಆ ನೆರಳನ್ನು ಮಾತ್ರ ಎಸೆಯಬೇಡ. ಅದು ನಾಯಕಿಯದಲ್ಲ. ಆ ದೃಶ್ಯ ತೆಗೆಯುವ ಹೊತ್ತಿಗೆ ಆಕೆ ಆಗಲೇ ಮನೆಗೆ ಹೋಗಿದ್ದಳು. ನಾವು ದೀಪ ಹೊಂದಿಸುವಾಗಲೆಲ್ಲ ಆಕೆಯ ಬದಲಿಗೆ ನಿಲ್ಲುತ್ತಿದ್ದ ನನ್ನ ಹೆಂಡತಿ ಲಿಯೋಟಾಳದು.

"ನನ್ ಮುಖ ಯಾರಿಗೂ ಬೇಡ್ವೇನ್ರೀ?" ಅಂದಳು ಅವತ್ತು, ಮೆಟ್ಟಿಲ ಮೇಲೆ ನಿಂತು.

"ಸುಮ್ನೆ ನಿಂತ್ಕೊಳೇ, ನೆರಳು ಅಲ್ಲಾಡುತ್ತೆ," ಅಂದೆ.

ಎಷ್ಟೋ ಮುಖಗಳಿಗೆ ಬೆಳಕು ಹಿಡಿದವನು ನಾನು. ಅವಳ ಮುಖವನ್ನು ಒಂದಡಿ ಫಿಲ್ಮಿನಲ್ಲೂ ಉಳಿಸಲಿಲ್ಲ. ಮಾರ್ಚಿನಲ್ಲಿ ಅವಳು ತೀರಿಹೋದಳು.

ಕತ್ತರಿಸಲೇಬೇಕಾದರೆ ಆ ತುಂಡನ್ನು ಲಕೋಟೆಯಲ್ಲಿಟ್ಟು ಕಳಿಸು. ಪ್ರೊಜೆಕ್ಟರ್ ಬೇಡ, ಕಿಟಕಿಗೆ ಹಿಡಿದು ನೋಡಿಕೊಳ್ಳುತ್ತೇನೆ.

ಇಲ್ಲಿ ಬೆಳಕು ಹೋಗುತ್ತಿದೆ. ದೀಪ ಹಾಕಿದರೆ ಗೋಡೆಯ ಮೇಲೆ ನನ್ನದೊಂದೇ ನೆರಳು ಬೀಳುತ್ತದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ಹಳೆಯ ದೀಪದವನು,
ಆರ್ವಿಲ್